ಹೆಸರು ಗೊತ್ತಿಲ್ಲದಿದ್ದರೂ ಯೋಜನೆ ಸಿಗುವಂತೆ ಮಾಡಿದ್ದು

ನಮ್ಮ ಆ್ಯಪ್‌ನಲ್ಲಿ ಕಲ್ಯಾಣ ಯೋಜನೆಗಳೆಲ್ಲ ಇದ್ದವು. ಆದರೂ ಮನೆಮನೆಗೆ ಹೋಗುವ ಕಾರ್ಯಕರ್ತೆಯರು ಹುಡುಕಿದರೆ ಏನೂ ಬರುತ್ತಿರಲಿಲ್ಲ. ಸರ್ಚ್ ಕೆಟ್ಟಿದೆ ಅಂದುಕೊಂಡು ಎರಡು ದಿನ ಸುಮ್ನೆ ಕೋಡ್ ನೋಡಿದೆ. ಆಮೇಲೆ ಒಬ್ಬರ ಪಕ್ಕದಲ್ಲೇ ಕೂತೆ. ಅವರು ಟೈಪ್ ಮಾಡಿದ್ದು ‘ಗಂಡ ತೀರಿಹೋಗಿದ್ದಾರೆ’ ಅಂತ. ನಮ್ಮ ಡೇಟಾದಲ್ಲಿದ್ದದ್ದು ‘ವಿಧವಾ ವೇತನ’. ಒಂದು ಪದವೂ ಹೊಂದುವುದಿಲ್ಲ, ಸಿಗುವುದಾದರೂ ಹೇಗೆ?

ಫಲಿತಾಂಶ ಬಾರದ ಹಳೇ ಹುಡುಕಾಟಗಳನ್ನೆಲ್ಲ ಲಾಗ್‌ನಿಂದ, ಅಂದರೆ ಆ್ಯಪ್ ಇಟ್ಟುಕೊಳ್ಳುವ ದಾಖಲೆಯಿಂದ, ಹೆಕ್ಕಿಕೊಂಡೆ. ಜನ ಆಡುವ ಆ ಮಾತುಗಳನ್ನೇ ಆಯಾ ಯೋಜನೆಗೆ ಜೋಡಿಸಿದೆ. ಅರ್ಧ ಸಮಸ್ಯೆ ಅಲ್ಲೇ ಹೋಯಿತು.

ವಿವರಿಸುವುದು ಇನ್ನೂ ಕಷ್ಟದ ಕೆಲಸ. ‘ಆದಾಯವು ನಿಗದಿತ ಮಿತಿಯನ್ನು ಮೀರಿರತಕ್ಕದ್ದಲ್ಲ’ ಅಂತ ಯಾರದೋ ಮನೆ ಬಾಗಿಲಲ್ಲಿ ನಿಂತು ಓದೋಕಾಗಲ್ಲ, ಅಲ್ವಾ? ನಿಯಮಗಳನ್ನು ಪ್ರಶ್ನೆಗಳಾಗಿ ಬಿಡಿಸಿದೆ: ವಯಸ್ಸೆಷ್ಟು, ದುಡಿಯುವವರು ಯಾರು, ಯಾವ ದಾಖಲೆ ಕೈಯಲ್ಲಿದೆ. ಜಾಸ್ತಿ ಯೋಜನೆಗಳನ್ನು ಒಂದೇ ಸಲಕ್ಕೆ ಬೇರ್ಪಡಿಸುವ ಪ್ರಶ್ನೆ ಮೊದಲು ಬರುತ್ತದೆ. ಕೊನೆಯಲ್ಲಿ ಆ್ಯಪ್ ‘ಸಿಗುತ್ತದೆ’ ಎನ್ನುವುದಿಲ್ಲ, ‘ಅರ್ಜಿ ಹಾಕಬಹುದು’ ಎನ್ನುತ್ತದೆ. ಕಷ್ಟದಲ್ಲಿರುವವರಿಗೆ ಸುಳ್ಳು ಭರವಸೆ ಕೊಡುವುದು ನನಗೆ ಒಪ್ಪಿಗೆಯಿಲ್ಲ.

ನೆಟ್‌ವರ್ಕ್ ಇಲ್ಲದ ಕಡೆಗೆಂದು ಡೇಟಾವನ್ನು ಫೋನ್‌ನಲ್ಲೇ ಇಟ್ಟೆ. ಪ್ರತಿ ಯೋಜನೆಯ ಕೆಳಗೆ ಮಾಹಿತಿ ಯಾವತ್ತು ಪರಿಶೀಲಿಸಿದ್ದು ಅನ್ನುವ ದಿನಾಂಕ ಕಾಣುತ್ತದೆ. ಅದು ಹಳೆಯದಾದರೆ ಕಾರ್ಯಕರ್ತೆಯರು ಮೊದಲು ಕಚೇರಿಗೆ ಫೋನ್ ಮಾಡಿ ಕೇಳುತ್ತಾರೆ.