ಹೊರಟಲ್ಲಿಗೇ ಮರಳುವ ನಡಿಗೆದಾರಿ ಹುಡುಕುವುದು ಹೇಗೆ?

ಊರಾಚೆ ಹೋಗುವ ದಾರಿ ಯಾರಿಗಾದರೂ ಸಿಗುತ್ತದೆ. ಅದೇ ದಾರಿ ತುಳಿಯದೆ ಸುತ್ತಿಕೊಂಡು ಬರುವುದೇ ಕಷ್ಟ. ಹೋಗುವ ದಾರಿಯೂ ಬರುವ ದಾರಿಯೂ ನಕ್ಷೆಯಲ್ಲಿ ಢಾಳಾಗಿರುತ್ತವೆ. ಅವೆರಡನ್ನು ಕೂಡಿಸುವ ಇನ್ನೂರು ಮುನ್ನೂರು ಮೀಟರಿನ ಕೊಂಡಿಯಲ್ಲೇ ಅನುಮಾನ. ಸುತ್ತು ನಡಿಗೆ ಕೆಡುವುದು ಹೆಚ್ಚಾಗಿ ಅಲ್ಲಿ. ಹಾಗಾಗಿ ಹೊಸಬರು ಮೊದಲು ಕೊಂಡಿ ಹುಡುಕಬೇಕು, ನೋಟ ಚೆನ್ನಾಗಿರುವ ಜಾಗ ಆಮೇಲೆ.

ಎಷ್ಟು ದೂರ?

ಮೊದಲ ಸಲಕ್ಕೆ 4ರಿಂದ 6 ಕಿ.ಮೀ. ಸಾಕು. 6 ಕಿ.ಮೀ. ಸುತ್ತಳತೆಯ ವೃತ್ತದ ವ್ಯಾಸ 2 ಕಿ.ಮೀ.ಗಿಂತ ತುಸು ಕಡಿಮೆ. ಸುತ್ತು ಎಷ್ಟೇ ಚಪ್ಪಟೆಯಾದರೂ ಹೊರಟ ಜಾಗದಿಂದ ನೇರ ದೂರ 3 ಕಿ.ಮೀ. ಮೀರದು. ತೀರಾ ಚಪ್ಪಟೆಯಲ್ಲದ ಸುತ್ತಿಗೆ, ಮನೆ ಅಥವಾ ಬಸ್ ಇಳಿಯುವ ಜಾಗವನ್ನು ನಡುವೆ ಇಟ್ಟು 2 ಕಿ.ಮೀ. ತ್ರಿಜ್ಯದ ವೃತ್ತ ಎಳೆದು ಅದರೊಳಗೆ ಹುಡುಕಿದರೆ ಆಯಿತು. ಇಷ್ಟು ಸಣ್ಣ ಜಾಗವೇ ಎನ್ನಿಸಬಹುದು, ಆದರೆ ಕಾಲ್ನಡಿಗೆಗೆ ಅದು ಧಾರಾಳ.

ವೃತ್ತದೊಳಗೆ ರೈಲು ಹಳಿ, ಹೆದ್ದಾರಿ, ಹೊಳೆ ಇದ್ದರೆ ಅವು ಜಾಗವನ್ನು ತುಂಡು ಮಾಡುತ್ತವೆ. ದಾಟಲು ಸೇತುವೆಯೋ ಕೆಳಸೇತುವೆಯೋ ಎಲ್ಲೆಲ್ಲಿದೆ ಎಂದು ಮೊದಲು ಗುರುತು ಹಾಕಿ. ಒಂದೇ ಸೇತುವೆ ಇದ್ದರೆ ಆಚೆಗೆ ಹೋದವರು ಅದರ ಮೇಲೇ ವಾಪಸ್ ಬರಬೇಕಾಗುತ್ತದೆ. ಆಗ ಈಚೆಯ ತುಂಡಿನಲ್ಲೇ ಸುತ್ತು ಹುಡುಕುವುದು ಜಾಣತನ.

ನಕ್ಷೆ ಓದುವುದು

ಕಾರು ಓಡಿಸುವವರಿಗಾಗಿ ಮಾಡಿದ ನಕ್ಷೆಗಳಲ್ಲಿ ಕಾಲುದಾರಿ ಕಾಣುವುದು ಕಡಿಮೆ. 2004ರಲ್ಲಿ ಶುರುವಾದ, ಬಳಕೆದಾರರೇ ತುಂಬುವ ಓಪನ್‌ಸ್ಟ್ರೀಟ್‌ಮ್ಯಾಪ್ ಈ ಕೆಲಸಕ್ಕೆ ಮೇಲು. ಅದರ ಮೂಲ ನಕ್ಷೆಯಲ್ಲಿ ಕಾಲುದಾರಿಗಳು ಕೆಂಪು ಛಾಯೆಯ ಚುಕ್ಕಿಗೆರೆಗಳು. ಟ್ರ್ಯಾಕ್ಟರ್ ಓಡುವ ಮಣ್ಣುದಾರಿಗಳು ಕಂದು ತುಂಡುಗೆರೆಗಳು. ಹಳ್ಳಿಗಾಡಿನಲ್ಲಿ ಅದೂ ಅಪೂರ್ಣವೇ. ಗೆರೆ ಇಲ್ಲದ ಕಡೆ ದಾರಿ ಇರಬಹುದು, ಗೆರೆ ಇರುವ ಕಡೆ ಬೇಲಿ ಬಿದ್ದಿರಬಹುದು.

ಕಾಗದದ ನಕ್ಷೆ ಇದ್ದರೆ ದಾರ ಬಳಸಿ. 1:50,000 ಅಳತೆಯಲ್ಲಿ 2 ಸೆಂ.ಮೀ. ಎಂದರೆ 1 ಕಿ.ಮೀ. ನಕ್ಷೆಯಲ್ಲಿ ಸಣ್ಣ ಅಂಕುಡೊಂಕುಗಳು ನೇರವಾಗಿಬಿಡುವುದರಿಂದ 6 ಕಿ.ಮೀ.ಗೆ 12ರ ಬದಲು 11 ಸೆಂ.ಮೀ. ಸುತ್ತಳತೆಯ ದಾರದ ಉಂಗುರ ಮಾಡಿ, ದಾರಿಗಳ ಮೇಲೆ ಹೊಂದಿಸುತ್ತಾ ಹೋಗಿ.

ಕೊಂಡಿಯ ಪರೀಕ್ಷೆ

ಉಪಗ್ರಹ ಚಿತ್ರವನ್ನು ದೊಡ್ಡದು ಮಾಡಿ ನೋಡಬೇಕಾದ್ದು ಇಲ್ಲಿ. ಜನ ನಡೆದ ದಾರಿ ತೆಳುವಾದ, ಮಾಸಲು ಬಣ್ಣದ ಗೆರೆ. ಮರ, ಬಂಡೆ ಸಿಕ್ಕಲ್ಲಿ ಸ್ವಲ್ಪ ಬಳಸುತ್ತದೆ. ಜೋಡಿ ಗೆರೆ ಕಂಡರೆ ಗಾಲಿಯ ಜಾಡು. ಏರು ತಗ್ಗು ಲೆಕ್ಕಿಸದೆ ಸ್ಕೇಲ್ ಇಟ್ಟಂತೆ ನೇರ ಹೋಗುವ ಪಟ್ಟಿ ವಿದ್ಯುತ್ ತಂತಿಗಾಗಿ ಕಡಿದ ಜಾಗ ಇರಬಹುದು. ಇಕ್ಕೆಲಗಳಲ್ಲಿ ಕಡು ಹಸಿರು ಹೊದ್ದು, ಇಳಿಜಾರಿಗೆ ಅಡ್ಡಲಾಗಿ ಒಂದೇ ಮಟ್ಟದಲ್ಲಿ ಸಾಗುವುದು ಕಾಲುವೆ. ಇವೆರಡನ್ನೂ ಕಾಲುದಾರಿ ಎಂದುಕೊಂಡು ಮುಳ್ಳುಪೊದೆಯಲ್ಲಿ ಸಿಕ್ಕಿಬೀಳುವವರು ಬಹಳ.

ದಾರಿ ಹಳ್ಳದ ಅಂಚಿಗೆ ಬಂದು ಮಾಯವಾಗಿ, ಆಚೆ ದಡದಲ್ಲಿ ಸರಿಯಾಗಿ ಎದುರಿಗೇ ಮತ್ತೆ ಕಂಡರೆ ಅದು ಜನ ದಾಟುವ ಜಾಗ. ಐವತ್ತು ಮೀಟರ್ ಪಕ್ಕಕ್ಕೆ ಕಂಡರೆ ಎರಡೂ ಬೇರೆ ಬೇರೆ ದಾರಿಗಳಿರಬಹುದು. ಗೂಗಲ್ ಅರ್ಥ್‌ನಲ್ಲಿ ಹಳೆಯ ವರ್ಷಗಳ ಚಿತ್ರಗಳೂ ಸಿಗುತ್ತವೆ. ಒಣ ದಿನಗಳಲ್ಲಿ ತೆಗೆದದ್ದು, ಮಳೆಯ ನಂತರ ತೆಗೆದದ್ದು ಎರಡನ್ನೂ ನೋಡಿ. ಎಲ್ಲದರಲ್ಲೂ ಗೆರೆ ಉಳಿದಿದ್ದರೆ ಕೊಂಡಿ ಗಟ್ಟಿ.

ಇನ್ನೊಂದು ಮಾತು. ಗೆರೆ ಇದೆ ಎಂದರೆ ಅಲ್ಲಿ ನೆಲ ಸವೆದಿದೆ ಎಂದಷ್ಟೇ ಅರ್ಥ, ನಡೆಯಲು ಒಪ್ಪಿಗೆ ಇದೆ ಎಂದಲ್ಲ. ಒಂದೇ ಮನೆಯ ಅಂಗಳದಲ್ಲಿ ಮುಗಿಯುವ ದಾರಿ ಆ ಮನೆಯವರದ್ದು. ಕೇಳದೆ ಒಳಗೆ ಹೋಗಬೇಡಿ.

ಎಷ್ಟು ಹೊತ್ತು?

ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಲೆಕ್ಕ ಇವತ್ತಿಗೂ ಚಾಲ್ತಿಯಲ್ಲಿದೆ: ಗಂಟೆಗೆ ಸುಮಾರು 5 ಕಿ.ಮೀ., ಅದರ ಮೇಲೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ಅಂದರೆ 10 ಮೀಟರ್ ಏರಿಗೆ ಒಂದು ನಿಮಿಷ. ಇದು ಗಟ್ಟಿ ಕಾಲಿನವರ ವೇಗ. ಹೊಸಬರು ಗಂಟೆಗೆ 4 ಕಿ.ಮೀ. ಹಿಡಿಯಲಿ. ಏರಿಕೆ ತಿಳಿಯಲು ದಾರಿ ಮೇಲಕ್ಕೆ ದಾಟುವ ಸಮೋನ್ನತಿ ರೇಖೆಗಳನ್ನು (ಒಂದೇ ಎತ್ತರದ ಜಾಗಗಳನ್ನು ಕೂಡಿಸಿ ನಕ್ಷೆಯಲ್ಲಿ ಎಳೆದ ಗೆರೆಗಳು) ಎಣಿಸಿ. 20 ಮೀಟರ್ ಅಂತರದ ಆರು ರೇಖೆ ದಾಟಿದರೆ 120 ಮೀಟರ್. 6 ಕಿ.ಮೀ.ಗೆ 90 ನಿಮಿಷ, ಏರಿಗೆ 12, ಕೂರಲು ನಿಲ್ಲಲು ಇಪ್ಪತ್ತು: ಎರಡು ಗಂಟೆ ಎಂದಿಟ್ಟುಕೊಳ್ಳಿ. ಬಿಸಿಲಿಲ್ಲದ ಹೊತ್ತಿನಲ್ಲಿ ಒಬ್ಬರಿಗೆ ಒಂದು ಲೀಟರ್ ನೀರು ಬೇಕು, ಸೆಕೆಯಿದ್ದರೆ ಇನ್ನೂ ಹೆಚ್ಚು.

ಯಾವ ಕಡೆಯಿಂದ ಸುತ್ತಬೇಕು?

ಅನುಮಾನದ ಕೊಂಡಿ ಮೊದಲ ಮೂರನೇ ಒಂದು ಭಾಗದಲ್ಲಿ ಬರುವಂತೆ ಹೊರಡಿ. ಅಲ್ಲಿ ದಾರಿ ಮುಚ್ಚಿದ್ದರೆ ಒಂದೂವರೆ ಕಿ.ಮೀ. ಹಿಂದಿರುಗಿದರೆ ಆಯಿತು. ಅದೇ ಕೊಂಡಿ ಐದನೇ ಕಿ.ಮೀ.ನಲ್ಲಿದ್ದರೆ ಸುಸ್ತಾದ ಕಾಲಿನಲ್ಲಿ ಮತ್ತೆ ಐದು ನಡೆಯಬೇಕು. ‘ಇಲ್ಲೇ ಹತ್ತಿರ’ ಎಂದು ಬೇಲಿ ಹಾರುವ ಯೋಚನೆ ಹುಟ್ಟುವುದೇ ಆಗ. ಕಡಿದಾದ ಕಡೆ ಹತ್ತಿ, ಇಳಿಜಾರು ಕಡಿಮೆಯಿರುವ ಕಡೆ ಇಳಿದರೆ ಮಂಡಿಗೆ ಹಿತ. ಟಾರು ರಸ್ತೆ ಕೊನೆಗಿರಲಿ, ಆದರೆ ಕತ್ತಲಾಗುವ ಮುಂಚೆ ಅಲ್ಲಿರಬೇಕು. ಪಾದಚಾರಿ ಪಟ್ಟಿ ಇಲ್ಲದ ಕಡೆ ಎದುರು ಬರುವ ವಾಹನ ಕಾಣುವ ಬದಿಯಲ್ಲಿ ನಡೆಯಿರಿ.

ನಕ್ಷೆಯನ್ನು ಮನೆಯಲ್ಲೇ ಫೋನಿಗೆ ಇಳಿಸಿಕೊಳ್ಳಿ. ಜಿಪಿಎಸ್‌ಗೆ ನೆಟ್‌ವರ್ಕ್ ಬೇಡ, ನಕ್ಷೆಯ ಚಿತ್ರ ತೆರೆಯಲು ಬೇಕು. ಸಿಗ್ನಲ್ ಹೋದಾಗ ಖಾಲಿ ಪರದೆಯ ಮೇಲೆ ನೀಲಿ ಚುಕ್ಕೆಯೊಂದೇ ಉಳಿಯುವುದು ಇದಕ್ಕೇ. ಸಿಗ್ನಲ್ ಇಲ್ಲದ ಕಡೆ ಫೋನು ಟವರ್ ಹುಡುಕುತ್ತಲೇ ಬ್ಯಾಟರಿ ತಿನ್ನುತ್ತದೆ, ಅಲ್ಲಿ ಫ್ಲೈಟ್ ಮೋಡ್ ಹಾಕಿ. ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಎಂದು ಮನೆಯಲ್ಲಿ ಒಬ್ಬರಿಗೆ ಹೇಳಿರಿ.

ಪ್ರತಿ ಕವಲಿನಲ್ಲೂ ಹತ್ತು ಹೆಜ್ಜೆ ಮುಂದೆ ಹೋಗಿ ಒಮ್ಮೆ ಹಿಂದಿರುಗಿ ನೋಡಿ. ಮುಂದಿನ ಸಲ ಇದೇ ಸುತ್ತನ್ನು ತಿರುಗಾಮುರುಗಾ ಹಾಕಿದಾಗ ಆ ಕವಲು ಕಾಣಿಸುವುದು ಹಾಗೆಯೇ.