ಬ್ಯಾಕಪ್‌ಗಳ ಲೆಕ್ಕಕ್ಕೂ ಒಂದು ಬ್ಯಾಕಪ್: ರಿಕವರಿ ಕ್ಯಾಟಲಾಗ್ ಕಾಪಾಡುವುದು ಹೇಗೆ?

ಒರಾಕಲ್ ಡೇಟಾಬೇಸ್‌ಗಳಿಗೆ ಆರ್‌ಮ್ಯಾನ್ (ಒರಾಕಲ್‌ನದೇ ಬ್ಯಾಕಪ್ ಸಾಧನ) ತೆಗೆಯುವ ಬ್ಯಾಕಪ್ ಯಾವಾಗ ಆಯಿತು, ಯಾವ ಫೈಲಿನಲ್ಲಿದೆ ಎಂಬ ಲೆಕ್ಕವೆಲ್ಲ ರಿಕವರಿ ಕ್ಯಾಟಲಾಗ್‌ನಲ್ಲಿರುತ್ತದೆ. ಅದೇ ಹೋದರೆ? ಬ್ಯಾಕಪ್ ಫೈಲುಗಳೇನೋ ಇದ್ದಲ್ಲೇ ಇರುತ್ತವೆ, ಆದರೆ ಯಾವುದು ಯಾವುದರದ್ದು ಎಂದು ಹುಡುಕುವ ಕೆಲಸ ನಿಮ್ಮ ತಲೆಗೆ ಬರುತ್ತದೆ. ಪ್ರತಿ ಡೇಟಾಬೇಸ್ ತನ್ನ ಫೈಲುಗಳ ವಿವರ ಇಟ್ಟುಕೊಳ್ಳುವ ಕಂಟ್ರೋಲ್ ಫೈಲಿನಲ್ಲೂ ಈ ಲೆಕ್ಕ ಇರುತ್ತದೆ ಅಲ್ವಾ ಎನ್ನಬಹುದು. ಇರುತ್ತದೆ, ಆದರೆ ಮಾಮೂಲಿ ಸೆಟ್ಟಿಂಗ್‌ನಲ್ಲಿ 7 ದಿನ ದಾಟಿದ ದಾಖಲೆಗಳು ಅಳಿಸಿಹೋಗಬಹುದು. ಈ ಅವಧಿಯನ್ನು ಮೊದಲೇ ಜಾಸ್ತಿ ಮಾಡಿಡಿ.

ಕ್ಯಾಟಲಾಗ್‌ಗೆ ಬೇರೆಯದೇ ಡೇಟಾಬೇಸ್ ಇರಲಿ, ಬೇರೆ ಸರ್ವರ್, ಬೇರೆ ಡಿಸ್ಕ್ ಮೇಲೆ. ಅದು ಯಾವ ಡೇಟಾಬೇಸ್‌ನ ಲೆಕ್ಕ ಇಡುತ್ತದೋ ಅದರೊಳಗೇ ಇಟ್ಟರೆ ಎರಡೂ ಒಟ್ಟಿಗೇ ಹೋಗುತ್ತವೆ.

ಕ್ಯಾಟಲಾಗ್‌ನ ಈ ಡೇಟಾಬೇಸ್ ಆರ್ಕೈವ್‌ಲಾಗ್ ಮೋಡ್‌ನಲ್ಲಿ (ಬದಲಾವಣೆಗಳ ಲಾಗ್‌ಗಳನ್ನು ಉಳಿಸಿಡುವ ವಿಧಾನ) ಓಡಲಿ. ಕಂಟ್ರೋಲ್ ಫೈಲ್ ಆಟೋಬ್ಯಾಕಪ್ ಆನ್ ಮಾಡಿ. ರಿಡಂಡೆನ್ಸಿ (ಉಳಿಸಿಡುವ ಬ್ಯಾಕಪ್‌ಗಳ ಸಂಖ್ಯೆ) 1 ಸಾಲದು, ಕನಿಷ್ಠ 2 ಇಡಿ. ರಾತ್ರಿ ಉಳಿದ ಡೇಟಾಬೇಸ್‌ಗಳ ಬ್ಯಾಕಪ್ ಮುಗಿದ ಮೇಲೆ ಇದರದ್ದು ನಡೆಯಬೇಕು. ಮೊದಲೇ ತೆಗೆದರೆ ಆ ರಾತ್ರಿಯ ಲೆಕ್ಕ ಅದರಲ್ಲಿ ಇರುವುದಿಲ್ಲ. ಆರ್‌ಮ್ಯಾನ್ ಅನ್ನು ‘ನೋಕ್ಯಾಟಲಾಗ್’ ಆಗಿ, ಅಂದರೆ ಕ್ಯಾಟಲಾಗ್‌ಗೆ ಜೋಡಿಸದೆ, ತೆರೆದು ‘ಬ್ಯಾಕಪ್ ಡೇಟಾಬೇಸ್ ಪ್ಲಸ್ ಆರ್ಕೈವ್‌ಲಾಗ್’ ಕೊಡಿ. ಕ್ಯಾಟಲಾಗ್‌ನ ಬ್ಯಾಕಪ್ ತೆರೆಯಲು ಅದೇ ಕ್ಯಾಟಲಾಗ್ ಬೇಕಾಗುವಂತೆ ಎಂದೂ ಮಾಡಬೇಡಿ. ಡಿಸ್ಕ್‌ನಲ್ಲಿ ಒಂದು ಪ್ರತಿ, ಟೇಪ್‌ನಲ್ಲೋ ಬೇರೆ ಜಾಗದಲ್ಲೋ ಇನ್ನೊಂದು. ಆಗಾಗ ಒರಾಕಲ್‌ನ ಎಕ್ಸ್‌ಪೋರ್ಟ್ ಸಾಧನ ಡೇಟಾ ಪಂಪ್‌ನಿಂದ ಕ್ಯಾಟಲಾಗ್ ಸ್ಕೀಮಾದ (ಅದರ ಟೇಬಲ್‌ಗಳ ಗುಂಪಿನ) ಎಕ್ಸ್‌ಪೋರ್ಟ್ ತೆಗೆದಿಟ್ಟರೆ ಒಳ್ಳೆಯದು, ಆದರೆ ಅದನ್ನೊಂದೇ ನಂಬಬೇಡಿ.

ಇನ್ನು ಡಿಬಿಐಡಿ, ಅಂದರೆ ಕ್ಯಾಟಲಾಗ್ ಡೇಟಾಬೇಸ್‌ನ ಗುರುತು ಸಂಖ್ಯೆ. ಇದನ್ನು ಕಾಗದದ ಮೇಲೆ ಬರೆದಿಡಿ. ಮರೆತರೂ ಒಂದು ದಾರಿ ಇದೆ: ಮಾಮೂಲಿ ರೀತಿಯ ಆಟೋಬ್ಯಾಕಪ್ ಫೈಲಿನ ಹೆಸರು ‘ಸಿ-1234567890-20250310-00’ ಹೀಗಿರುತ್ತದೆ. ನಡುವಿನ ಉದ್ದದ ಅಂಕಿಯೇ ಡಿಬಿಐಡಿ, ಆಮೇಲೆ ತಾರೀಕು, ಕೊನೆಗೆ ಕ್ರಮಸಂಖ್ಯೆ.

ಕ್ಯಾಟಲಾಗ್ ಡೇಟಾಬೇಸ್ ಪೂರ್ತಿ ಹೋಗಿದೆ ಎಂದುಕೊಳ್ಳಿ. ‘ಸೆಟ್ ಡಿಬಿಐಡಿ’ ಕೊಟ್ಟು ನೋಮೌಂಟ್‌ನಲ್ಲಿ (ಡೇಟಾಬೇಸ್ ಫೈಲುಗಳನ್ನು ಇನ್ನೂ ತೆರೆಯದ ಸ್ಥಿತಿ) ಎಬ್ಬಿಸಿ. ಎಸ್‌ಪಿ‌ಫೈಲ್ (ಸೆಟ್ಟಿಂಗ್‌ಗಳ ಫೈಲ್) ಇಲ್ಲದಿದ್ದರೆ ಮೊದಲು ಅದನ್ನು ಆಟೋಬ್ಯಾಕಪ್‌ನಿಂದ ತಂದು, ಅದರಿಂದಲೇ ಮತ್ತೆ ನೋಮೌಂಟ್‌ಗೆ ಬನ್ನಿ. ನಂತರ ‘ರಿಸ್ಟೋರ್ ಕಂಟ್ರೋಲ್‌ಫೈಲ್ ಫ್ರಂ ಆಟೋಬ್ಯಾಕಪ್’, ಮೌಂಟ್ (ಕಂಟ್ರೋಲ್ ಫೈಲ್ ತೆರೆಯುವ ಹಂತ), ‘ರಿಸ್ಟೋರ್ ಡೇಟಾಬೇಸ್’, ‘ರಿಕವರ್ ಡೇಟಾಬೇಸ್’. ಕೊನೆಯ ಹಂತದಲ್ಲಿ ಆರ್‌ಮ್ಯಾನ್-06054 ಎಂಬ ಎರರ್ ಬಂದರೆ ಗಾಬರಿ ಬೇಡ. ಮುಂದಿನ ಲಾಗ್ ಸಿಗುತ್ತಿಲ್ಲ ಎಂದಷ್ಟೇ ಅದರ ಅರ್ಥ. ಅದು ಕೇಳುತ್ತಿರುವ ನಂಬರ್ ನಿಮ್ಮಲ್ಲಿರುವ ಕೊನೆಯ ಲಾಗ್‌ನ ಮುಂದಿನದೇ ಎಂದು ನೋಡಿ. ಹೌದಾದರೆ ‘ಓಪನ್ ರೀಸೆಟ್‌ಲಾಗ್ಸ್’ ಕೊಟ್ಟು, ಲಾಗ್ ನಂಬರ್ ಹೊಸದಾಗಿ ಶುರುವಾಗುವಂತೆ ಡೇಟಾಬೇಸ್ ತೆರೆಯಿರಿ. ನಡುವಿನ ನಂಬರ್ ಕೇಳುತ್ತಿದ್ದರೆ ನಿಲ್ಲಿ, ಆ ಲಾಗ್ ಹುಡುಕಿ.

ಕೆಲಸ ಇಲ್ಲಿಗೆ ಮುಗಿಯಲಿಲ್ಲ. ಒಂದೊಂದೇ ಡೇಟಾಬೇಸ್‌ಗೆ ಹೋಗಿ ‘ರೀಸಿಂಕ್ ಕ್ಯಾಟಲಾಗ್’ ಓಡಿಸಿ, ನಡುವೆ ತಪ್ಪಿದ ಲೆಕ್ಕ ಕಂಟ್ರೋಲ್ ಫೈಲಿನಿಂದ ಬರುತ್ತದೆ. ಅಲ್ಲೂ ಅಳಿಸಿಹೋಗಿದ್ದರೆ, ಡಿಸ್ಕ್‌ನಲ್ಲಿರುವ ಫೈಲುಗಳನ್ನು ‘ಕ್ಯಾಟಲಾಗ್ ಸ್ಟಾರ್ಟ್ ವಿತ್’ ಕೊಟ್ಟು ಸೇರಿಸಿ. ಆಮೇಲೆ ‘ಕ್ರಾಸ್‌ಚೆಕ್ ಬ್ಯಾಕಪ್’ ಕೊಟ್ಟು, ಲೆಕ್ಕದಲ್ಲಿರುವ ಫೈಲುಗಳು ನಿಜಕ್ಕೂ ಇವೆಯೇ ಎಂದು ನೋಡಿ.

ಇದನ್ನೆಲ್ಲ ಬೇರೆ ಮೆಷಿನ್‌ನಲ್ಲಿ ಒಮ್ಮೆ ಮಾಡಿ ನೋಡಲೇಬೇಕು. ನಿಮ್ಮ ಟಿಪ್ಪಣಿ ಹಿಡಿದು ಇನ್ನೊಬ್ಬರು ಮಾಡಲಿ. ಅವರು ಎಲ್ಲಿ ತಡವರಿಸುತ್ತಾರೋ ಆ ಸಾಲನ್ನು ಅಂದೇ ತಿದ್ದಿ.