ಬೇರೆ ಸ್ಟೇಟಿಂದ ಟ್ರ್ಯಾಕ್ಟರ್ ತರೋ ಮುಂಚೆ ಟ್ಯಾಕ್ಸ್ ಲೆಕ್ಕ ಹಾಕ್ಕೊಳ್ಳಿ

ಅಮೆರಿಕದಲ್ಲಿ ಜಮೀನು ಮಾಡ್ತಿರೋರು ಯಾರಾದ್ರೂ ಪಕ್ಕದ ಸ್ಟೇಟಲ್ಲಿ ಟ್ರ್ಯಾಕ್ಟರ್ ಕಮ್ಮಿಗೆ ಸಿಗುತ್ತೆ ಅಂತ ಹೊರಟಿದ್ರೆ ದಯವಿಟ್ಟು ಇದನ್ನ ಓದಿ. ಒರೆಗಾನ್, ಮೊಂಟಾನಾ, ಡೆಲವೇರ್, ನ್ಯೂ ಹ್ಯಾಂಪ್‌ಶೈರಲ್ಲಿ ಸೇಲ್ಸ್ ಟ್ಯಾಕ್ಸ್ ಇಲ್ಲ, ಅಲ್ಲಿ ತಗೊಂಡ್ರೆ ಅಷ್ಟೂ ಉಳೀತು ಅಂತ ಅಂದ್ಕೊಂಡುಬಿಡ್ತಾರೆ, ಆದ್ರೆ ಗಾಡಿ ನಿಮ್ಮ ಸ್ಟೇಟಿಗೆ ಬಂದು ಕೆಲಸಕ್ಕೆ ಇಳಿದ್ಮೇಲೆ ಯೂಸ್ ಟ್ಯಾಕ್ಸ್ ಅಂತ ಇರುತ್ತೆ, ರೇಟು ಸಾಮಾನ್ಯವಾಗಿ ನಿಮ್ಮಲ್ಲಿನ ಸೇಲ್ಸ್ ಟ್ಯಾಕ್ಸಷ್ಟೇ. 25,000 ಡಾಲರಿಗೆ 6% ಅಂದ್ರೆ 1,500 ಡಾಲರ್, ಸಣ್ಣ ಮೊತ್ತ ಅಲ್ಲ ಅದು, ಟ್ರಾನ್ಸ್‌ಪೋರ್ಟ್ ಖರ್ಚೂ ಸೇರಿಸಿದ್ರೆ ಎಷ್ಟೋ ಸಲ ಲಾಭವೇ ಉಳಿಯಲ್ಲ.

ಸೇಲ್ಸ್ ಟ್ಯಾಕ್ಸ್ ಇರೋ ಸ್ಟೇಟಲ್ಲಿ ಕೊಂಡು ಅಲ್ಲೇ 4% ಕಟ್ಟಿದ್ರೆ ಹೆಚ್ಚಿನ ಸ್ಟೇಟುಗಳು ಅದನ್ನ ಕಳೆದು ಉಳಿದ 2% ಮಾತ್ರ ಕೇಳ್ತವೆ, ಅದಕ್ಕೇ ಬಿಲ್ಲಲ್ಲಿ ಟ್ಯಾಕ್ಸ್ ಬೇರೆ ಸಾಲಲ್ಲಿ ತೋರಿಸೋಕೆ ಹೇಳಿ. ಇನ್ನೊಂದು, ನೀವೇ ಡೀಲರ್ ಹತ್ರ ಹೋಗಿ ಲೋಡ್ ಮಾಡ್ಕೊಂಡು ಬಂದ್ರೆ ಸಾಮಾನ್ಯವಾಗಿ ಅವರ ಸ್ಟೇಟಿನ ಟ್ಯಾಕ್ಸ್, ಅವರೇ ಮನೆಗೆ ತಲುಪಿಸಿದ್ರೆ ನಿಮ್ಮದು.

ನಿಜವಾಗ್ಲೂ ದುಡ್ಡು ಉಳಿಯೋದು ಕೃಷಿ ವಿನಾಯ್ತೀಲಿ. ಬೆಳೆದು ಮಾರೋರಿಗೆ ತುಂಬಾ ಸ್ಟೇಟುಗಳಲ್ಲಿ ಇದು ಸಿಗುತ್ತೆ, ಬರೀ ಮನೆ ಸುತ್ತಲ ಹುಲ್ಲು ಕತ್ತರಿಸೋಕೆ ಅಂದ್ರೆ ಸಿಗಲ್ಲ. ಟೆಕ್ಸಾಸಲ್ಲಾದ್ರೆ ಕಂಪ್ಟ್ರೋಲರ್ (ಅಲ್ಲಿನ ಟ್ಯಾಕ್ಸ್ ಇಲಾಖೆ) ಕೊಡೋ ಆಗ್ ನಂಬರ್, ಅಂದ್ರೆ ಕೃಷಿ ನೋಂದಣಿ ನಂಬರ್, ಬೇಕೇ ಬೇಕು, ಕ್ಯಾಲಿಫೋರ್ನಿಯಾದಲ್ಲಿ ಪೂರ್ತಿ ಅಲ್ಲ, ಒಂದು ಭಾಗ ಮಾತ್ರ ಮಾಫಿ. ವಿನಾಯ್ತಿ ಸರ್ಟಿಫಿಕೇಟನ್ನ ಬಿಲ್ ಆಗೋಕೆ ಮುಂಚೆನೇ ಡೀಲರಿಗೆ ಕೊಡಿ, ಆಮೇಲೆ ರೀಫಂಡಿಗೆ ಅಲೆಯೋದು ಬೇಡ. ನಿಮ್ಮ ಸ್ಟೇಟಿನ ಸರ್ಟಿಫಿಕೇಟ್ ಬೇರೆ ಸ್ಟೇಟಿನವರು ಒಪ್ಪದೇ ಇರಬಹುದು, ಅಡ್ವಾನ್ಸ್ ಕೊಡೋ ಮುಂಚೆ ಎರಡೂ ಕಡೆಯ ರೆವೆನ್ಯೂ ಆಫೀಸಿಗೆ ಫೋನ್ ಮಾಡಿ ಕೇಳಿ, ಡೀಲರ್ ಮಾತೊಂದನ್ನೇ ನಂಬ್ಕೊಂಡು ಹೋಗಬೇಡಿ.